ಐವತ್ತು ದಾಟಿದ ಕಣ್ಣು, ಸಂಜೆಯ ಮಬ್ಬು ಬೆಳಕು: ಪಿಸ್ತೂಲಿಗೆ ಯಾವ ಸೈಟ್ ಹಾಕಿಸಲಿ?

ಮುಲುಂಡ್ ಮಾವ

ಎಲ್ಲರಿಗೂ ನಮಸ್ಕಾರ. ನನಗೆ ಈಗ 59. ಹೋದ ವರ್ಷ ಬ್ಯಾಂಕಿನಿಂದ ನಿವೃತ್ತನಾದೆ. ಆರು ವರ್ಷದಿಂದ 10 ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತಿದ್ದೇನೆ. ಪದಕದ ಆಸೆ ಇಲ್ಲ, ಆದರೆ ಈ ಆಟ ಬಿಟ್ಟು ಇರಲಾರೆ.

ತೊಂದರೆ ಇಷ್ಟು. ಬೆಳಿಗ್ಗೆ ಹೊಡೆದರೆ 600ಕ್ಕೆ 530ರ ಆಸುಪಾಸು ಬರುತ್ತದೆ. ಸಂಜೆ ಆರರ ಮೇಲೆ ಹೋದರೆ 505 ದಾಟುವುದಿಲ್ಲ. ಮುಂದಿನ ಸೈಟ್, ಅಂದರೆ ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಕರೀ ಗೂಟ, ನೋಡಿದರೆ ಅಂಚಿಗೆ ಬೂದು ಬಣ್ಣದ ನೂಲು ಅಂಟಿದ ಹಾಗೆ ಕಾಣಿಸುತ್ತದೆ. ಒಂದು ಅಂಚಿನ ಜಾಗದಲ್ಲಿ ಎರಡು ಅಂಚು. ಯಾವುದು ನಿಜವಾದ ಅಂಚು ಅಂತ ಹುಡುಕುವಷ್ಟರಲ್ಲಿ ಕೈ ನಡುಗಲು ಶುರು. ಮಳೆಗಾಲದಲ್ಲಂತೂ ಮಧ್ಯಾಹ್ನವೇ ಸಂಜೆ ಆಗಿಬಿಡುತ್ತದೆ.

ಕ್ಲಬ್ಬಿನಲ್ಲಿ ಒಬ್ಬರು ಹಸಿರು ಫೈಬರ್ ಸೈಟ್ ಹಾಕಿಸಿ ಅಂದರು. ಇನ್ನೊಬ್ಬರು ರಾತ್ರಿ ಹೊಳೆಯುವ ಟ್ರಿಟಿಯಂ ಅಂದರು. ಮತ್ತೊಬ್ಬರು ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ರೆಡ್ ಡಾಟ್ ಒಂದೇ ಪರಿಹಾರ ಅಂದರು. ನಾನು ಹಾಕುವುದು ಪ್ರೊಗ್ರೆಸಿವ್ ಕನ್ನಡಕ.

ಜೊತೆಗೆ ಇನ್ನೊಂದು ಪ್ರಶ್ನೆ. ಕಲ್ಯಾಣದಲ್ಲಿ ನಮ್ಮ ಭಾವನದ್ದು ಚಿನ್ನದ ಅಂಗಡಿ. ಅವರ ಹತ್ತಿರ ಲೈಸೆನ್ಸ್ ಇರುವ ಪಾಯಿಂಟ್ 32 ರಿವಾಲ್ವರ್ ಇದೆ. ಅವರಿಗೆ 63. ಅವರಿಗೂ ಇದೇ ಗೋಳು. ತಿಳಿದವರು ಹೇಳಿ.

ಬಾಳೇವಾಡಿ ಅಣ್ಣ

ಮಾವ, ದುಡ್ಡು ಖರ್ಚು ಮಾಡುವ ಮೊದಲು ಸ್ವಲ್ಪ ನಿಲ್ಲಿ. ಈಗ ಯಾವ ಸೈಟೂ ಕೊಳ್ಳಬೇಡಿ.

ನಿಮ್ಮ ಆಟದಲ್ಲಿ ರೆಡ್ ಡಾಟ್, ಲೇಸರ್, ದುರ್ಬೀನು ಯಾವುದಕ್ಕೂ ಜಾಗ ಇಲ್ಲ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಏರ್ ಪಿಸ್ತೂಲಿಗೆ ತೆರೆದ ಸೈಟ್ ಮಾತ್ರ, ಅಂದರೆ ಗಾಜಿಲ್ಲದೆ ಬರೀ ಹಿಂದೊಂದು ಕಚ್ಚು, ಮುಂದೊಂದು ಗೂಟ. ಪಿಸ್ತೂಲಿಗೆ ಲೆನ್ಸ್ ಕೂರಿಸುವ ಹಾಗೂ ಇಲ್ಲ. ಆದರೆ ನಿಮ್ಮ ಮೂಗಿನ ಮೇಲೆ ಲೆನ್ಸ್ ಹಾಕಿಕೊಳ್ಳಬಹುದು. ನಿಮಗೆ ಬೇಕಾದ ದಾರಿ ಅಲ್ಲೇ ಇದೆ.

ಈಗ ಲೆಕ್ಕ ನೋಡಿ. ಪಿಸ್ತೂಲಿನ ಹಿಂದಿನ ಸೈಟಿನಿಂದ ಮುಂದಿನ ಸೈಟಿಗೆ ಸುಮಾರು 35 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಗುರಿ ಇರುವುದು 10 ಮೀಟರ್ ದೂರದಲ್ಲಿ. ಹಿಂದಿನ ಕಚ್ಚಿನೊಳಗೆ ಮುಂದಿನ ಸೈಟ್ 1 ಮಿಲಿಮೀಟರ್ ಸರಿದರೆ ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಗುಂಡು) ಟಾರ್ಗೆಟ್ ಮೇಲೆ 28 ಮಿಲಿಮೀಟರಿಗೂ ಜಾಸ್ತಿ ಸರಿಯುತ್ತದೆ. ಹತ್ತು ಅಂಕದ ನಡುವೃತ್ತದ ಅಗಲವೇ 11.5 ಮಿಲಿಮೀಟರ್. ಅಂದರೆ ಹತ್ತಕ್ಕೆ ಹೋಗಬೇಕಾದ್ದು ಏಳಕ್ಕೆ ಹೋಗುತ್ತದೆ. ಅದೇ ನಿಮ್ಮ ಇಡೀ ಕೈ 5 ಮಿಲಿಮೀಟರ್ ಅತ್ತಿತ್ತ ಆದರೂ ಎರಡೂ ಸೈಟ್ ಒಂದಕ್ಕೊಂದು ಸರಿಯಾಗಿದ್ದರೆ, ಪೆಲೆಟ್ ತಪ್ಪುವುದು ಆ 5 ಮಿಲಿಮೀಟರ್ ಮಾತ್ರ. ಕೈ ನಡುಕಕ್ಕಿಂತ ಸೈಟಿನ ತಪ್ಪು ಎಷ್ಟೋ ದುಬಾರಿ.

ಅದಕ್ಕೇ ಹೇಳುವುದು, ಮುಂದಿನ ಸೈಟ್ ಕತ್ತರಿಸಿಟ್ಟ ಹಾಗೆ ಕಾಣಬೇಕು. ಟಾರ್ಗೆಟ್ ಮಸುಕಾಗಿರಲಿ, ಪರವಾಗಿಲ್ಲ. ಬೆಳ್ಳಗಿನ ಮೇಲೆ ಕಪ್ಪು ಉಂಡೆ ತೇಲುತ್ತಿದೆ ಅನ್ನಿಸಿದರೆ ಸಾಕು. ನಿಮಗೆ ಸದ್ಯ ಯಾವುದು ಸ್ಪಷ್ಟ ಕಾಣುತ್ತಿದೆ, ಸೈಟಾ, ಟಾರ್ಗೆಟ್ಟಾ?

ಮುಲುಂಡ್ ಮಾವ

ಟಾರ್ಗೆಟ್ ಚೆನ್ನಾಗಿ ಕಾಣುತ್ತದೆ. ವೃತ್ತದ ಅಂಚೂ ಸರಿಯಾಗಿದೆ. ಗದ್ದ ಸ್ವಲ್ಪ ಮೇಲೆತ್ತಿದರೆ ಸೈಟ್ ಸ್ಪಷ್ಟ ಆಗುತ್ತದೆ, ಆದರೆ ಕತ್ತು ನೋಯುತ್ತದೆ.

ಬಾಳೇವಾಡಿ ಅಣ್ಣ

ಹಾಗಾದರೆ ಉತ್ತರ ನೀವೇ ಕೊಟ್ಟಿದ್ದೀರಿ. ಡೊಂಬಿವಲಿ ಅಕ್ಕ ಇದ್ದಾರಲ್ಲ, ಅವರು ಬಿಡಿಸಿ ಹೇಳಲಿ. ಅವರ ಕಸುಬೇ ಅದು.

ಡೊಂಬಿವಲಿ ಕನ್ನಡಕ

ಹೇಳುತ್ತೇನೆ ಅಣ್ಣ. 22 ವರ್ಷದಿಂದ ಇಲ್ಲಿ ಕನ್ನಡಕದ ಅಂಗಡಿ ನಡೆಸುತ್ತಿದ್ದೇವೆ. ಪಿಸ್ತೂಲ್ ಹೊಡೆಯುವವರು ನಾಲ್ಕೈದು ಜನ ನನ್ನ ಹತ್ತಿರ ಬರುತ್ತಾರೆ. ಎಲ್ಲರದ್ದೂ ಒಂದೇ ಕಥೆ.

ಮಾವ, ನಿಮಗೆ ಬಂದಿರುವುದು ಚಾಳೀಸು. ನಲವತ್ತು ದಾಟಿದವರಿಗೆಲ್ಲ ಬರುತ್ತದೆ. ಕಣ್ಣಿನೊಳಗಿನ ಮಸೂರ ಗಟ್ಟಿಯಾಗುತ್ತಾ ಹೋಗುತ್ತದೆ. ಹತ್ತಿರದ ವಸ್ತುವಿಗೆ ತಕ್ಕಂತೆ ಉಬ್ಬುವ ಶಕ್ತಿ ಕಮ್ಮಿ ಆಗುತ್ತದೆ. ಅರವತ್ತರ ಹೊತ್ತಿಗೆ ಆ ಶಕ್ತಿ ಹೆಚ್ಚುಕಮ್ಮಿ ಮುಗಿದಿರುತ್ತದೆ. ಇಪ್ಪತ್ತರ ಹುಡುಗನ ಕಣ್ಣು ಸೈಟಿಗೂ ಟಾರ್ಗೆಟ್ಟಿಗೂ ಚಕಚಕ ಅಂತ ಬದಲಾಗುತ್ತದೆ. ನಮ್ಮದು ಒಂದೇ ಕಡೆ ನಿಲ್ಲುತ್ತದೆ.

ಪ್ರೊಗ್ರೆಸಿವ್ ಕನ್ನಡಕದಲ್ಲಿ ಮೇಲ್ಭಾಗ ದೂರಕ್ಕೆ, ಕೆಳಭಾಗ ಓದುವುದಕ್ಕೆ. ಕೈ ಚಾಚಿದಷ್ಟು ದೂರದ್ದು ನಡುವಿನ ಕಿರಿದಾದ ಪಟ್ಟಿಯಲ್ಲಿ ಮಾತ್ರ ಸಿಗುತ್ತದೆ. ಅದನ್ನು ಹುಡುಕಲಿಕ್ಕೆ ನೀವು ಗದ್ದ ಎತ್ತುತ್ತಿದ್ದೀರಿ. ಇನ್ನೊಂದು ವಿಷಯ. ಪಿಸ್ತೂಲಿನವರು ನಿಲ್ಲುವುದು ಪಕ್ಕಕ್ಕೆ ತಿರುಗಿ. ಕತ್ತು ಎಷ್ಟೇ ತಿರುಗಿಸಿದರೂ ದೃಷ್ಟಿ ಹೋಗುವುದು ಲೆನ್ಸಿನ ನಡುವಿನಿಂದಲ್ಲ, ಒಂದು ಪಕ್ಕದ ಮೂಲೆಯಿಂದ. ಅಲ್ಲಿ ಪ್ರೊಗ್ರೆಸಿವ್ ಲೆನ್ಸ್ ಚಿತ್ರವನ್ನು ಸೊಟ್ಟ ಮಾಡುತ್ತದೆ. ಹಾಗಾಗಿ ಆಟಕ್ಕೆ ಅದನ್ನು ಹಾಕಲೇಬೇಡಿ. ಹೊಡೆಯುವ ಕಣ್ಣಿಗೆ ಒಂದೇ ನಂಬರಿನ ಸಾದಾ ಲೆನ್ಸ್ ಬೇಕು.

ನಂಬರು ಹೀಗೆ. ನಿಮ್ಮ ದೂರದ ನಂಬರಿಗೆ ಪ್ಲಸ್ 0.75 ಸೇರಿಸಿ ಶುರು ಮಾಡಿ. 1ನ್ನು 0.75ರಿಂದ ಭಾಗಿಸಿದರೆ 1.33. ಅಂದರೆ ಕಣ್ಣು ಆರಾಮವಾಗಿ 1.33 ಮೀಟರ್ ದೂರದ್ದನ್ನು ಸ್ಪಷ್ಟ ನೋಡುತ್ತದೆ. ಮುಂದಿನ ಸೈಟ್ ಇರುವುದು ಸುಮಾರು ಒಂದು ಮೀಟರಿನಲ್ಲಿ. ಅದು ಚೆನ್ನಾಗಿ ಕಾಣುತ್ತದೆ, ಟಾರ್ಗೆಟ್ ಪೂರ್ತಿ ಕರಗಿಹೋಗುವುದಿಲ್ಲ. ಪ್ಲಸ್ 1.00 ಹಾಕಿದರೆ ಸೈಟ್ ಇನ್ನೂ ಚೂಪು, ಆದರೆ ಕಪ್ಪು ಉಂಡೆ ಬೂದು ಮೋಡ ಆಗುತ್ತದೆ. ಕೆಲವರಿಗೆ ಪ್ಲಸ್ 0.50 ಸಾಕು. ಕೈ ಉದ್ದ ಇದ್ದವರಿಗೆ ಒಂದು ಲೆಕ್ಕ, ಗಿಡ್ಡ ಇದ್ದವರಿಗೆ ಇನ್ನೊಂದು. ಸಿಲಿಂಡರ್ ನಂಬರ್, ಅಂದರೆ ಕಣ್ಣಿನ ಉಬ್ಬು ಎಲ್ಲ ಕಡೆ ಒಂದೇ ಸಮ ಇಲ್ಲದ್ದನ್ನು ಸರಿಪಡಿಸುವ ನಂಬರ್, ಇದ್ದರೆ ಅದನ್ನು ಬಿಡಬೇಡಿ. ಅರ್ಧ ಜನ ಅಲ್ಲೇ ತಪ್ಪು ಮಾಡುತ್ತಾರೆ. ಎರಡು ಅಂಚು ಕಾಣುವುದಕ್ಕೆ ಅದೂ ಒಂದು ಕಾರಣ.

ಒಂದು ವಿನಂತಿ. ಪಿಸ್ತೂಲ್ ಹಿಡಿದುಕೊಂಡು ಅಂಗಡಿಗೆ ಬರಬೇಡಿ. ಮನೆಯಲ್ಲಿ ಯಾರಿಗಾದರೂ ಹೇಳಿ, ನೀವು ನಿಂತಿರುವಾಗ ಕಣ್ಣಿನಿಂದ ಮುಂದಿನ ಸೈಟಿಗೆ ಟೇಪಿನಲ್ಲಿ ಅಳತೆ ತೆಗೆಸಿ. ರಟ್ಟಿನಲ್ಲಿ ಸೈಟಿನ ಅಗಲದ ಕಪ್ಪು ಪಟ್ಟಿ ಕತ್ತರಿಸಿ ಕೋಲಿನ ತುದಿಗೆ ಅಂಟಿಸಿ ತನ್ನಿ. ಅದನ್ನು ಅಷ್ಟೇ ದೂರಕ್ಕೆ ಹಿಡಿದು ಒಂದೊಂದೇ ಲೆನ್ಸ್ ಹಾಕಿ ನೋಡೋಣ. ಹತ್ತು ನಿಮಿಷದ ಕೆಲಸ.

ಕೋಥ್ರುಡ್ ಹುಡುಗ

ಅಕ್ಕ, ಒಂದು ಸಂದೇಹ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಏನೂ ವಿಶೇಷ ಸಾಮಾನಿಲ್ಲದೆ, ಒಂದು ಕೈ ಜೇಬಿನಲ್ಲಿಟ್ಟು ಬೆಳ್ಳಿ ಗೆದ್ದರು. ನಮ್ಮ ಮನು ಭಾಕರ್, ಸರಬ್‌ಜೋತ್ ಸಿಂಗ್ ಕಂಚು ಗೆದ್ದ ಅದೇ ಮಿಶ್ರ ತಂಡದ ಸ್ಪರ್ಧೆ. ಡಿಕೆಚ್‌ಗೆ ಆಗ 51. ಹಾಗಾದರೆ ಈ ಲೆನ್ಸು, ಫ್ರೇಮು ನಿಜಕ್ಕೂ ಬೇಕಾ?

ಬಾಳೇವಾಡಿ ಅಣ್ಣ

ತಮ್ಮ, ಆ ಫೋಟೋ ಮತ್ತೊಮ್ಮೆ ನೋಡು. ಮುಖದ ಮೇಲೆ ಕನ್ನಡಕ ಇದೆ. ದೊಡ್ಡ ಶೂಟಿಂಗ್ ಫ್ರೇಮ್ ಇರಲಿಲ್ಲ, ಅಷ್ಟೇ. ಮತ್ತೆ ಅವರು ಎರಡೂ ಕಣ್ಣು ತೆರೆದು ಹೊಡೆಯುತ್ತಾರೆ. ಅದನ್ನು ಕಲಿಯಬೇಕು. ಒಂದು ಕಣ್ಣು ಗಟ್ಟಿ ಮುಚ್ಚಿದರೆ ಇನ್ನೊಂದಕ್ಕೂ ಆಯಾಸ ಆಗುತ್ತದೆ. ಎರಡು ಚಿತ್ರ ಕಂಡು ಗೊಂದಲ ಆಗುವವರು ಹೊಡೆಯದ ಕಣ್ಣಿನ ಲೆನ್ಸಿಗೆ ಹಾಲಿನ ಬಣ್ಣದ ಟೇಪ್ ಅಂಟಿಸಿ. ಕಪ್ಪು ಬೇಡ, ಬೆಳಕು ಒಳಗೆ ಬರಬೇಕು. ನಿಯಮದಲ್ಲಿ ಆ ಮರೆ 30 ಮಿಲಿಮೀಟರ್ ಅಗಲದವರೆಗೆ ಇರಬಹುದು.

ಶೂಟಿಂಗ್ ಫ್ರೇಮಿನ ಲಾಭ ಬೇರೆ. ಅದರಲ್ಲಿ ಲೆನ್ಸನ್ನು ತಿರುಗಿಸಿ ದೃಷ್ಟಿಗೆ ನೇರ ಕೂರಿಸಬಹುದು. ಅಕ್ಕ ಹೇಳಿದ ಆ ಮೂಲೆಯ ತೊಂದರೆ ಅಲ್ಲಿಗೆ ಹೋಯಿತು.

ವಯಸ್ಸಿನ ಮಾತು ಬಂತು ಅಂತ ಹೇಳುತ್ತೇನೆ. ಜಾರ್ಜಿಯಾದ ನೀನೋ ಸಲುಕ್ವಾಡ್ಜೆ 1988ರಿಂದ 2024ರವರೆಗೆ ಹತ್ತು ಒಲಿಂಪಿಕ್ಸ್ ಆಡಿದರು, ಎಲ್ಲವೂ ಪಿಸ್ತೂಲಿನಲ್ಲಿ. ಕೊನೆಯದಕ್ಕೆ ಬಂದಾಗ 55. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರನ್ನು ನೆನೆಯಿರಿ. 2013ರಲ್ಲಿ ಸ್ಪೇನಿನಲ್ಲಿ ವಿಶ್ವಕಪ್ ಆಡಲು ಹೋದಾಗ ಮುಖದ ಬಲಭಾಗಕ್ಕೆ ಬೆಲ್ಸ್ ಪಾಲ್ಸಿ, ಅಂದರೆ ಮುಖದ ಪಾರ್ಶ್ವವಾಯು, ಆಯಿತು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ತಂದರು. ನನಗೆ ಬೇಸರ ಆದಾಗಲೆಲ್ಲ ಆ ಒಂದು ವರ್ಷ ಅವರು ಹೇಗೆ ಕಳೆದಿರಬಹುದು ಅಂತ ಯೋಚಿಸುತ್ತೇನೆ.

ಕೋಥ್ರುಡ್ ಹುಡುಗ

ಸರಿ ಅಣ್ಣ, ಒಪ್ಪಿದೆ. ಆದರೆ ಹಸಿರು ಫೈಬರ್ ನಾನು ನೋಡಿದ್ದೇನೆ. ಹಗಲು ಬೆಳಕಿನಲ್ಲಿ ಸಣ್ಣ ಬಲ್ಬಿನ ಹಾಗೆ ಉರಿಯುತ್ತದೆ.

ಬಾಳೇವಾಡಿ ಅಣ್ಣ

ಹೌದು, ಹಗಲಿನಲ್ಲಿ. ಫೈಬರಿಗೆ ಸ್ವಂತ ಬೆಳಕಿಲ್ಲ. ಸುತ್ತಲಿನ ಬೆಳಕನ್ನು ಉದ್ದಕ್ಕೂ ಕುಡಿದು ತುದಿಯಲ್ಲಿ ಬಿಡುತ್ತದೆ. ಮುಸ್ಸಂಜೆ ಆದ ಮೇಲೆ ಕುಡಿಯಲಿಕ್ಕೇ ಏನೂ ಇರುವುದಿಲ್ಲ. ಮಾವನಿಗೆ ಬೇಕಾದ ಹೊತ್ತಿನಲ್ಲೇ ಅದು ಕೈಕೊಡುತ್ತದೆ.

ಇನ್ನೊಂದು, ಹೊಳೆಯುವ ಚುಕ್ಕೆಯ ಅಂಚು ಹರಡಿಕೊಂಡಿರುತ್ತದೆ. ಹತ್ತಿರದಿಂದ ಬೇಗ ಹೊಡೆಯುವ ಆಟಕ್ಕೆ ಅದು ಒಳ್ಳೆಯದು. ಕಾಗದದ ಟಾರ್ಗೆಟ್ ಮೇಲೆ ಕೂದಲೆಳೆಯ ಲೆಕ್ಕದಲ್ಲಿ ಹೊಡೆಯಲು ಚಪ್ಪಟೆ ತಲೆಯ, ಕರೀ ಸೈಟಿಗೆ ಸಮ ಯಾವುದೂ ಇಲ್ಲ.

ಸೈಟಿನಲ್ಲಿ ಬದಲಾಯಿಸಲೇಬೇಕು ಅಂದರೆ ಹಿಂದಿನ ಕಚ್ಚನ್ನು ಅಗಲ ಮಾಡಿ. ಮ್ಯಾಚ್ ಪಿಸ್ತೂಲುಗಳಲ್ಲಿ ಅದಕ್ಕೆ ತಿರುಪು ಇರುತ್ತದೆ. ಮುಂದಿನ ಸೈಟಿನ ಎರಡು ಪಕ್ಕದಲ್ಲೂ ಕಾಣುವ ಬೆಳಕಿನ ಗೆರೆ ವಯಸ್ಸಾದ ಕಣ್ಣಿಗೆ ದಪ್ಪ ಇರಬೇಕು. ಹುಡುಗರು ಅದನ್ನು ದಾರದಷ್ಟು ಇಟ್ಟುಕೊಳ್ಳುತ್ತಾರೆ. ಮಬ್ಬಿನಲ್ಲಿ ನಮಗೆ ಆ ದಾರ ಮುಚ್ಚಿಹೋಗುತ್ತದೆ. ಮತ್ತೆ ಕಪ್ಪು ಉಂಡೆಗೆ ತಾಗಿಸಿ ಹಿಡಿಯಬೇಡಿ. ಇನ್ನೂ ಕೆಳಗೆ, ಬಿಳಿ ಜಾಗದಲ್ಲಿ ಹಿಡಿಯಿರಿ, ಅದಕ್ಕೆ ತಕ್ಕ ಹಾಗೆ ಸೈಟ್ ತಿರುಗಿಸಿಕೊಳ್ಳಿ. ಕಪ್ಪಿಗೆ ಕಪ್ಪು ತಾಗಿದರೆ ಎರಡೂ ಬೆರೆತು ಎಲ್ಲಿ ಸೈಟ್ ಮುಗಿಯಿತು ಅಂತ ಗೊತ್ತಾಗುವುದಿಲ್ಲ.

ಪೋಂಡಾ ಅಕ್ಕ

ನಾನು ಗೋವಾದಿಂದ. ವಯಸ್ಸು 54, ಮೂಲ ಕಾರವಾರ. ಅಣ್ಣ ಹೇಳಿದ ಕರೀ ಸೈಟಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ.

ಹೊಸದರಲ್ಲಿ ಸೈಟ್ ಕಪ್ಪಾಗಿಯೇ ಇರುತ್ತದೆ. ನಮ್ಮ ಈ ಕಡಲ ಗಾಳಿಗೆ, ಬೆವರಿಗೆ, ಒರೆಸಿ ಒರೆಸಿ ಅಂಚು ಸವೆದು ಬೂದಿ ಬಣ್ಣಕ್ಕೆ ತಿರುಗುತ್ತದೆ. ತಲೆ ಮೇಲೆ ಟ್ಯೂಬ್‌ಲೈಟ್ ಇದ್ದರೆ ಆ ಸವೆದ ಅಂಚು ಮಿಣ್ಣಗೆ ಹೊಳೆಯುತ್ತದೆ. ಮಾವ ಹೇಳಿದ ಬೂದು ನೂಲು ಅರ್ಧ ಇದೇ ಇರಬೇಕು ಅಂತ ನನ್ನ ಅನುಮಾನ.

ನಾನು ಮಾಡುವುದು ಕರ್ಪೂರದ ಮಸಿ. ಪೂಜೆಯ ಕರ್ಪೂರ, ಕಡಲೆಬೇಳೆಯಷ್ಟು ಚೂರು, ಹಳೇ ತಟ್ಟೆಯ ಮೇಲೆ. ಮೊದಲು ಸೈಟನ್ನು ಪಿಸ್ತೂಲಿನಿಂದ ಬಿಚ್ಚಬೇಕು. ಸ್ಪಿರಿಟ್ ಹಾಕಿ ಎಣ್ಣೆ ಜಿಡ್ಡು ಒರೆಸಬೇಕು. ಇಕ್ಕಳದಲ್ಲಿ ಹಿಡಿದು ಉರಿಯ ತುದಿಗಿಂತ ಸ್ವಲ್ಪ ಮೇಲೆ, ಹೊಗೆ ಏಳುವ ಕಡೆ, ಎರಡೆಣಿಕೆ ತೋರಿಸಿ ತೆಗೆಯಬೇಕು. ತಿರುಗಿಸಿ ಮತ್ತೊಂದು ಪಕ್ಕ. ಹೊಗೆ ಹತ್ತಿದ ಮೇಲೆ ನೋಡಿ, ಅಮ್ಮ ಹಣತೆಯ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಿದ್ದಳಲ್ಲ, ಅದೇ ಕಪ್ಪು. ಬೆಳಕು ಬಿದ್ದರೂ ವಾಪಸು ಬರುವುದಿಲ್ಲ. ಮಖಮಲ್ಲಿನ ಹಾಗೆ. ಬೆರಳು ತಾಗಿಸಿದರೆ ಹೋಯಿತು, ಮತ್ತೆ ಮೊದಲಿಂದ. ಎರಡು ಸಲದ ಅಭ್ಯಾಸಕ್ಕೆ ಬಾಳಿಕೆ ಬರುತ್ತದೆ.

ಪ್ಲಾಸ್ಟಿಕ್ ಸೈಟಿಗೆ ಇದನ್ನು ಮಾಡಲೇಬೇಡಿ, ಕರಗುತ್ತದೆ. ಪಿಸ್ತೂಲಿನ ಗಾಳಿ ಸಿಲಿಂಡರಿನಲ್ಲಿ 200 ಬಾರ್ ಒತ್ತಡ ಇರುತ್ತದೆ. ಅದು ಇರುವ ಕೋಣೆಯಲ್ಲೂ ಬೆಂಕಿ ಬೇಡ.

ಮುಲುಂಡ್ ಮಾವ

ಅಕ್ಕ, ಕರ್ಪೂರ ನನಗೆ ಹೊಳೆದೇ ಇರಲಿಲ್ಲ. ನನ್ನ ಸೈಟ್ ಲೋಹದ್ದು. ಈಗಲೇ ಲೈಟಿನ ಕೆಳಗೆ ಹಿಡಿದು ನೋಡಿದೆ. ಮೇಲಿನ ಎರಡೂ ಮೂಲೆ ಬೆಳ್ಳಗೆ ಸವೆದಿವೆ.

ಖಡ್ಕಿ ಸುಬೇದಾರ್

ನಾನು ಸೇನೆಯಲ್ಲಿ 26 ವರ್ಷ ಇದ್ದವನು. ಊರು ಕೊಡಗು, ಈಗ ಪುಣೆ. ಭಾವನ ರಿವಾಲ್ವರಿನ ವಿಷಯಕ್ಕೆ ಯಾರೂ ಬರಲಿಲ್ಲ, ನಾನು ಹೇಳುತ್ತೇನೆ.

ಅದು ಬೇರೆಯೇ ಮಾತು. ಅಲ್ಲಿ ಹತ್ತು, ಒಂಬತ್ತರ ಲೆಕ್ಕ ಇಲ್ಲ. ಆ ರಿವಾಲ್ವರುಗಳಲ್ಲಿ ಹಿಂದಿನ ಸೈಟ್ ಅಂದರೆ ಮೇಲಿನ ಪಟ್ಟಿಯಲ್ಲಿ ಕೊರೆದ ಒಂದು ಸಣ್ಣ ತೋಡು. ಮುಂದಿನದು ಇಳಿಜಾರಿನ ಸಣ್ಣ ದಿಣ್ಣೆ. ಎರಡೂ ಒಂದೇ ಬಣ್ಣ. ಮಂಕು ಬೆಳಕಿನಲ್ಲಿ ಎಳೆಯರಿಗೇ ಕಾಣುವುದಿಲ್ಲ, 63ರ ಕಣ್ಣಿಗೆ ಎಲ್ಲಿಂದ ಕಾಣಬೇಕು?

ಟ್ರಿಟಿಯಂ ಅಂದರೆ ಗಾಜಿನ ಸಣ್ಣ ಕೊಳವೆಯಲ್ಲಿ ತುಂಬಿದ ವಿಕಿರಣದ ಅನಿಲ. ಒಳಗಿನ ಲೇಪವನ್ನು ಅದು ಹಗಲೂ ರಾತ್ರಿ ಬೆಳಗಿಸುತ್ತದೆ. ಬ್ಯಾಟರಿ ಬೇಡ. ಆದರೆ 12.3 ವರ್ಷಕ್ಕೆ ಅದರ ಬಲ ಅರ್ಧ ಆಗುತ್ತದೆ. ಕೂರಿಸಲು ಲೋಹ ಕೊರೆಯಬೇಕು. ಆಯುಧ ರಿಪೇರಿ ಮಾಡುವವನಿಗೂ ಲೈಸೆನ್ಸ್ ಇರಬೇಕು ಅಂತ ನಮ್ಮ ಕಾನೂನಿದೆ. ಸುಮ್ನೆ ಯಾರೋ ಗ್ಯಾರೇಜಿನವನ ಕೈಗೆ ಕೊಡಬೇಡಿ.

ಅದಕ್ಕಿಂತ ಸುಲಭ ಇದೆ. ಗುಂಡುಗಳನ್ನು ತೆಗೆದು ಬೇರೆ ಕೋಣೆಯಲ್ಲಿಡಿ. ಸಿಲಿಂಡರಿನ ಮನೆಗಳನ್ನು ಬೆರಳಿಟ್ಟು ಎರಡು ಸಲ ಎಣಿಸಿ. ಆಮೇಲೆ ಮುಂದಿನ ಸೈಟಿನ ಕಣ್ಣಿಗೆ ಕಾಣುವ ಮುಖಕ್ಕೆ ಮಾತ್ರ ಬಿಳಿ ನೈಲ್ ಪಾಲಿಶ್ ಒಂದು ಕೈ. ರಾತ್ರಿಯಿಡೀ ಒಣಗಲಿ. ಮರುದಿನ ಅದರ ಮೇಲೆ ಗಿಣಿ ಹಸಿರು. ಅಡಿಯಲ್ಲಿ ಬಿಳಿ ಇದ್ದರೆ ಹಸಿರು ಎದ್ದು ಕಾಣುತ್ತದೆ. ಕೆಂಪು ಬೇಡ. ಕತ್ತಲಾದಂತೆ ನಮ್ಮ ಕಣ್ಣಿಗೆ ಮೊದಲು ಕಪ್ಪಾಗುವುದು ಕೆಂಪು. ಸಂಜೆ ತೋಟದಲ್ಲಿ ನಿಂತು ನೋಡಿ. ಎಲೆ ಇನ್ನೂ ಕಾಣುತ್ತಿರುತ್ತದೆ, ದಾಸವಾಳ ಕಪ್ಪಾಗಿರುತ್ತದೆ.

ಇದೆಲ್ಲಕ್ಕಿಂತ ಮೊದಲು ಭಾವನಿಗೆ ಒಳ್ಳೆಯ ಟಾರ್ಚ್ ಕೊಡಿಸಿ. ಸೈಟ್ ಕಾಣುವಷ್ಟು ಬೆಳಕಿಲ್ಲ ಅಂದರೆ ಎದುರಿಗೆ ನಿಂತವರು ಯಾರು ಅಂತಲೂ ಕಾಣುವುದಿಲ್ಲ. ಅಂಗಡಿಯ ಹುಡುಗನೋ, ಮನೆಯವರೋ, ಕಳ್ಳನೋ? ಮುಖ ಕಾಣದೆ ಕೈ ಎತ್ತುವ ಹಾಗಿಲ್ಲ. ಈ ಒಂದು ಮಾತನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಚೆಂಬೂರು ಭಟ್ರು

ಎಲ್ಲ ಓದಿದೆ. ನನ್ನ ಅನುಭವ ಒಂದು ಹೇಳದೆ ಹೋಗಲಾರೆ, ಇನ್ನೊಬ್ಬರಿಗೆ ಉಪಯೋಗ ಆಗಲಿ.

ನನಗೆ 66. ಎರಡು ವರ್ಷದ ಹಿಂದೆ ಬಲಗಣ್ಣಿಗೆ ಪೊರೆ ಆಪರೇಷನ್ ಆಯಿತು. ಒಂದೇ ಲೆನ್ಸಿನಲ್ಲಿ ದೂರವೂ ಹತ್ತಿರವೂ ಕಾಣುತ್ತದೆ, ಕನ್ನಡಕವೇ ಬೇಡ ಅಂತ ಹೇಳಿದರು. ಜಾಸ್ತಿ ದುಡ್ಡು ಕೊಟ್ಟು ಮಲ್ಟಿಫೋಕಲ್ ಹಾಕಿಸಿಕೊಂಡೆ. ಪೇಪರ್ ಓದುತ್ತೇನೆ, ಟಿವಿ ನೋಡುತ್ತೇನೆ, ಎಲ್ಲ ಸರಿ. ಆದರೆ ಸೈಟ್ ನೋಡಿದರೆ ಕಪ್ಪು ಕಪ್ಪಾಗಿಲ್ಲ. ತೆಳು ಹಾಲು ಸವರಿದ ಹಾಗೆ. ರಾತ್ರಿ ದೀಪದ ಸುತ್ತ ಬಳೆ. ಆ ಲೆನ್ಸ್ ಬೆಳಕನ್ನು ಪಾಲು ಮಾಡಿ ಬೇರೆ ಬೇರೆ ದೂರಕ್ಕೆ ಹಂಚುತ್ತದೆ, ಯಾವುದಕ್ಕೂ ಪೂರ್ತಿ ಸಿಗುವುದಿಲ್ಲ ಅಂತ ಆಮೇಲೆ ತಿಳಿಯಿತು. ನಾನು ಪಿಸ್ತೂಲ್ ಹೊಡೆಯುತ್ತೇನೆ ಅಂತ ಡಾಕ್ಟರಿಗೆ ಹೇಳಲಿಲ್ಲ, ಅವರೂ ಕೇಳಲಿಲ್ಲ. ತುಂಬಾ ನೊಂದೆ.

ಪೊರೆ ಶುರು ಆಗಿರುವವರು ದಯವಿಟ್ಟು ಮೊದಲೇ ಹೇಳಿ. ಒಂದೇ ದೂರಕ್ಕೆ ಹೊಂದಿಸುವ ಸಾದಾ ಲೆನ್ಸ್ ಹಾಕಿಸಿಕೊಂಡು, ಮೇಲೆ ಆಟದ ಕನ್ನಡಕ ಬಳಸುವ ದಾರಿ ಇದೆಯಾ ಅಂತ ಕೇಳಿ.

ಡೊಂಬಿವಲಿ ಕನ್ನಡಕ

ಭಟ್ರೇ, ಓದಿ ಬೇಜಾರಾಯಿತು. ನಿಮಗೆ ಐರಿಸ್ ಸ್ವಲ್ಪ ಸಹಾಯ ಮಾಡಬಹುದು. ಲೆನ್ಸಿನ ಮುಂದೆ ಕೂರಿಸುವ, ಹಿಗ್ಗಿಸಿ ಕುಗ್ಗಿಸುವ ಸಣ್ಣ ತೂತು. ಮೊದಲು ಕರೀ ಕಾಗದದಲ್ಲಿ ಸೂಜಿಯಿಂದ ಒಂದೂವರೆ ಮಿಲಿಮೀಟರ್ ತೂತು ಮಾಡಿ ನೋಡಿ. ಅಂಚು ಚೂಪಾದರೆ ಐರಿಸ್ ಕೊಳ್ಳಿ. ಆದರೆ ತೂತು ಸಣ್ಣದಾದಷ್ಟೂ ಬೆಳಕೂ ಕಮ್ಮಿ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕೇ ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಪಾಲು. ಅದನ್ನು ಇನ್ನೂ ಕಟ್ಟಿಹಾಕಬೇಡಿ. ಹಳದಿ ಗಾಜು ಕೂಡ ಹಾಗೇ, ಹಗಲಿಗೆ ಸರಿ, ಸಂಜೆಗೆ ಬೇಡ.

ಬಾಳೇವಾಡಿ ಅಣ್ಣ

ಬೆಳಕಿನ ಮಾತು ಬಂತಲ್ಲ, ಮಾವ ನಿಮ್ಮ ಕ್ಲಬ್ಬಿನಲ್ಲಿ ಒಂದು ಸಲ ಅಳೆಯಿರಿ. ಫೋನಿನಲ್ಲೇ ಲಕ್ಸ್ (ಬೀಳುವ ಬೆಳಕಿನ ಅಳತೆ) ಅಳೆಯುವ ಆ್ಯಪ್ ಇರುತ್ತದೆ. ಪೂರಾ ಕರಾರುವಾಕ್ಕಲ್ಲ, ಅಂದಾಜಿಗೆ ಸಾಕು. 10 ಮೀಟರ್ ರೇಂಜಿನ ಟಾರ್ಗೆಟ್ ಮೇಲೆ ಕನಿಷ್ಠ 1500 ಲಕ್ಸ್ ಇರಬೇಕು ಅಂತ ನಿಯಮವೇ ಇದೆ. ಕೋಣೆಗೆ 300. ಟಾರ್ಗೆಟ್ ಬೆಳ್ಳಗೆ ಬೆಳಗುತ್ತಿದ್ದು ನೀವು ನಿಂತ ಜಾಗ ಸ್ವಲ್ಪ ಮಂದ ಇದ್ದರೆ ಸೈಟ್ ನೆರಳಿನ ಬೊಂಬೆಯ ಹಾಗೆ ಕಪ್ಪಗೆ ನಿಲ್ಲುತ್ತದೆ. ಅದು ಉಲ್ಟಾ ಆದರೆ ಯಾವ ಸೈಟ್ ಹಾಕಿದರೂ ಕಷ್ಟ.

ಮುಲುಂಡ್ ಮಾವ

ಹದಿನೆಂಟು ದಿನದ ಮೇಲೆ ಬರೆಯುತ್ತಿದ್ದೇನೆ.

ಡೊಂಬಿವಲಿಗೆ ಹೋಗಿದ್ದೆ. ರಟ್ಟಿನ ಪಟ್ಟಿ ಹಿಡಿದು ನಿಂತೆ. ಅಕ್ಕ ಒಂದೊಂದೇ ಲೆನ್ಸ್ ಹಾಕಿದರು. ಪ್ಲಸ್ 1.00ಕ್ಕೆ ಪಟ್ಟಿ ಚೂಪಾಯಿತು, ಗೋಡೆಯ ಮೇಲಿನ ಕಪ್ಪು ಉಂಡೆ ಕರಗಿತು. 0.50ಕ್ಕೆ ಹಳೇ ಕಥೆ. 0.75ಕ್ಕೆ ನಿಂತೆವು. ನನಗೆ ಸಿಲಿಂಡರ್ ಅರ್ಧ ನಂಬರ್ ಇದೆ, ಹಳೇ ಕನ್ನಡಕದಲ್ಲಿ ಅದು ಇರಲೇ ಇಲ್ಲ. ಅದನ್ನು ಸೇರಿಸಿದ ಕ್ಷಣ ಎರಡು ಅಂಚು ಒಂದಾಯಿತು. ಅಂಗಡಿಯಲ್ಲೇ ಕಣ್ಣು ತುಂಬಿ ಬಂತು.

ಕರ್ಪೂರದ ಮಸಿ ಹಿಡಿದೆ. ಮೊದಲ ಸಲ ಜಾಸ್ತಿ ಹೊತ್ತು ಹಿಡಿದು ಗಂಟು ಕಟ್ಟಿತು, ಒರೆಸಿ ಮತ್ತೆ ಮಾಡಿದೆ. ಕಚ್ಚನ್ನು ಎರಡು ಸುತ್ತು ಅಗಲಿಸಿದೆ. ಹಿಡಿತ ಕೆಳಗಿಳಿಸಿದೆ.

ಕ್ಲಬ್ಬಿನಲ್ಲಿ ಟಾರ್ಗೆಟ್ ಮೇಲೆ ಫೋನ್ ತೋರಿಸಿದ್ದು 900 ಲಕ್ಸ್. ನಾನು ನಿಲ್ಲುವ ಜಾಗದ ನೆತ್ತಿಯ ಮೇಲೇ ಟ್ಯೂಬ್‌ಲೈಟ್. ಕಾರ್ಯದರ್ಶಿಗಳನ್ನು ಕರೆದು ತೋರಿಸಿದೆ. ಟಾರ್ಗೆಟ್ ಕಡೆ ಎರಡು ದೀಪ ಹಾಕಿಸುತ್ತೇವೆ ಅಂದಿದ್ದಾರೆ. ಸದ್ಯಕ್ಕೆ ಮುಂದೆ ಅಂಚಿರುವ ಟೋಪಿ ಹಾಕಿ ಹೊಡೆಯುತ್ತಿದ್ದೇನೆ.

ನಿನ್ನೆ ಸಂಜೆ ಏಳು ಗಂಟೆಗೆ ಶುರು ಮಾಡಿ 60 ಗುಂಡು. 523.

ಭಾವನ ರಿವಾಲ್ವರಿಗೆ ಹಸಿರು ಬಣ್ಣ ಆಯಿತು. ಟಾರ್ಚೂ ಬಂತು. ಸುಬೇದಾರರೇ, ನಿಮ್ಮ ಮಾತು ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅಂಗಡಿಯ ಹಿಂಬಾಗಿಲಿಗೆ ಒಂದು ದೀಪ ಹಾಕಿಸಿದರು.

ಒಂದು ಪ್ರಶ್ನೆ ಉಳಿದಿದೆ. ಮನೆಯಲ್ಲಿ ಅಭ್ಯಾಸಕ್ಕೆ ಹಾಲಿನಲ್ಲಿ 5 ಮೀಟರ್ ಮಾತ್ರ ಸಿಗುತ್ತದೆ. ಪೆಲೆಟ್ ಇಲ್ಲದೆ ಬರೀ ಟ್ರಿಗರ್ ಒತ್ತಲು ಟಾರ್ಗೆಟ್ ಎಷ್ಟು ದೊಡ್ಡದಿರಬೇಕು?

ಬಾಳೇವಾಡಿ ಅಣ್ಣ

523! ತುಂಬಾ ಸಂತೋಷ ಮಾವ. ನಿಜವಾದ ಟಾರ್ಗೆಟ್ಟಿನ ಕಪ್ಪು 59.5 ಮಿಲಿಮೀಟರ್. 5 ಮೀಟರಿಗೆ ಅದರ ಅರ್ಧ ಮಾಡಿ, ಸುಮಾರು 30. ಬಿಳಿ ಕಾಗದದ ಮೇಲೆ ಅಂಟಿಸಿ ಗೋಡೆಗೆ ಹಾಕಿ, ಆ ಗೋಡೆಯ ಕಡೆಗೆ ಒಂದು ದೀಪ ತಿರುಗಿಸಿ. ಮುಂದಿನ ತಿಂಗಳು ಪುಣೆಗೆ ಬಂದರೆ ತಿಳಿಸಿ, ಕೂಡಿ ಹೊಡೆಯೋಣ. ಆ ಕನ್ನಡಕ ತರಲು ಮರೆಯಬೇಡಿ.